ತೊಡೆಸಂದಿನ ಗಂಟು

ಚಿತ್ರದುರ್ಗದ ಆಸ್ಪತ್ರೆಯಲ್ಲಿ ನಾನು ಡ್ರೆಸ್ಸರ್ ಆಗಿದ್ದಾಗ ದೊಡ್ಡ ಡಾಕ್ಟರು ಮಾಡುತ್ತಿದ್ದ ಶಸ್ತ್ರಚಿಕಿತ್ಸೆಗಳು ಬಹಳ ಬಗೆಯವಲ್ಲ. ಕುರು ಸೀಳುವುದು, ಮೂಲವ್ಯಾಧಿ ಕಟ್ಟುವುದು, ಕಣ್ಣಿನ ಪೊರೆ ತೆಗೆಯುವುದು, ಮೂತ್ರಕೋಶದ ಕಲ್ಲು ತೆಗೆಯುವುದು, ಗಾಡಿಯ ಗಾಲಿಗೆ ಸಿಕ್ಕಿ ಕೊಳೆತ ಕಾಲನ್ನು ಕೊಯ್ದು ತೆಗೆಯುವುದು. ಗಾಯ ತೊಳೆದು ಕಟ್ಟುವುದರ ಜೊತೆಗೆ, ರೋಗಿಯ ಮೂಗಿನ ಮೇಲಿನ ಬಟ್ಟೆಗೆ ಕ್ಲೋರೋಫಾರಂ ಹನಿಸುವ ಕೆಲಸವೂ ನನ್ನದೇ ಆಗಿತ್ತು. ಇವುಗಳಲ್ಲಿ ಹೆಚ್ಚಿನವು ಕಾಯುತ್ತವೆ. ಕಲ್ಲಿನ ನೋವಿನವನು ವರ್ಷಗಟ್ಟಲೆ ನರಳಿ, ಹೊಲದ ಕೆಲಸ ಮುಗಿಸಿ, ಮಗಳ ಮದುವೆ ಮಾಡಿ ಆಮೇಲೆ ಬರುತ್ತಿದ್ದ. ಕಾಯದೆ ಇರುವುದು ಒಂದೇ. ತೊಡೆಸಂದಿನ ಇಕ್ಕಟ್ಟಾದ ಕಿಂಡಿಯಲ್ಲಿ ಕರುಳು ಜಾರಿ ಬಂದು ಸಿಕ್ಕಿಕೊಂಡರೆ, ಅದು ಒಳಗೇ ಕಪ್ಪಾಗಿ ಸಾಯತೊಡಗುತ್ತದೆ. ಹೊರಗೆ ಕಾಣುವುದು ಒಂದು ಗಂಟು ಮಾತ್ರ, ನೆಲ್ಲಿಕಾಯಿಯಷ್ಟು.

ಆ ವರ್ಷ ನಮ್ಮ ಸೀಮೆಗೆ ಪ್ಲೇಗು ಬಂದಿತ್ತು. ಅದು ಎಬ್ಬಿಸುವ ಗಡ್ಡೆಯೂ ಹೆಚ್ಚಾಗಿ ತೊಡೆಸಂದಿನಲ್ಲೇ ಏಳುತ್ತಿತ್ತು. ಇಲಿ ಸತ್ತು ಬಿದ್ದ ಊರಿನವರು ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಜೋಪಡಿ ಕಟ್ಟಿಕೊಳ್ಳಬೇಕಿತ್ತು. ಗಡ್ಡೆ ಎದ್ದವರ ಮನೆಯ ಹೆಂಚು ತೆಗೆಸಿ, ಹಾಸಿಗೆ ಸುಡಿಸಿ, ಮನೆಮಂದಿಯನ್ನೆಲ್ಲ ಊರಾಚೆ ಕಳಿಸುತ್ತಿದ್ದರು. ಇಷ್ಟನ್ನು ಜನ ಹೇಗೋ ಸಹಿಸಿಕೊಂಡರು. ಊರಿನಲ್ಲಿ ಮೊದಲು ಗಡ್ಡೆ ಎದ್ದವರನ್ನು ಮಾತ್ರ ಸಹಿಸಲಿಲ್ಲ. ಬೇನೆಯನ್ನು ಊರಿಗೆ ತಂದವರು ಅವರೇ ಎಂದು ತೀರ್ಮಾನವಾಗಿಬಿಡುತ್ತಿತ್ತು. ಅಂಥವರು ಸತ್ತರೆ ಅಲ್ಲಿಗೆ ಮುಗಿಯಿತು. ಬದುಕಿ ಉಳಿದರೆ ಅವರು ಮುಟ್ಟಿದ ಕೊಡವನ್ನು ಯಾರೂ ಮುಟ್ಟುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮತ್ತೋಡಿನಿಂದ ಒಂದು ಗಾಡಿ ಬಂತು. ಬಳೆ ವ್ಯಾಪಾರದ ಶೆಟ್ಟರೊಬ್ಬರು ಎತ್ತುಗಳ ಮೂಗುದಾರ ಹಿಡಿದು ನಿಂತಿದ್ದರು. ಗಾಡಿಯೊಳಗೆ ಹುಲ್ಲಿನ ಮೇಲೆ ಅವರ ಹೆಂಡತಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರ ತಾಯಿ. ಹೊಳಲ್ಕೆರೆಯಲ್ಲಿ ತೋರಿಸಿದ್ದರಂತೆ. ತೊಡೆಸಂದಿನಲ್ಲಿ ಗಂಟು ಎಂದ ಕೂಡಲೇ ಅಲ್ಲಿದ್ದವರು ಹತ್ತಿರಕ್ಕೂ ಬರದೆ, ಪ್ಲೇಗು ಷೆಡ್ಡಿಗೆ ಕರೆದುಕೊಂಡು ಹೋಗಿ ಎಂದರಂತೆ. ಶೆಟ್ಟರು ಹಾಗೆ ಮಾಡದೆ ದುರ್ಗದ ದಾರಿ ಹಿಡಿದಿದ್ದರು. ಇಲ್ಲಿ ನಮ್ಮ ಜವಾನನೂ ಅದೇ ಮಾತು ಹೇಳಿ, ಕೋಲನ್ನು ಅಡ್ಡ ಹಿಡಿದು ಗಾಡಿಯನ್ನು ಗೇಟಿನಲ್ಲೇ ನಿಲ್ಲಿಸಿದ್ದ. ಅವನನ್ನು ದೂರುವಂತಿಲ್ಲ. ಇದ್ದ ಆಜ್ಞೆಯೇ ಹಾಗಿತ್ತು.

ದೊಡ್ಡ ಡಾಕ್ಟರು ಹೊರಗೆ ಬಂದಾಗ ಮೊದಲು ಮಾತಾಡಿದವಳು ಆ ಹೆಂಗಸೇ. ತುಟಿ ಒಣಗಿ ಬಿರಿದಿತ್ತು. ಆದರೂ ಮಾತು ಸ್ಪಷ್ಟವಾಗಿತ್ತು.

“ಸತ್ರೆ ಸಾಯ್ತೀನ್ರಿ. ಗಡ್ಡೆ ಬ್ಯಾನೆ ಅಂತ ಮಾತ್ರ ಅನ್ನಬ್ಯಾಡ್ರಿ. ನಮ್ಮೂರಾಗೆ ಇನ್ನೂ ಇಲಿ ಬಿದ್ದಿಲ್ಲ.”

ಆ ಮಾತು ನನಗೆ ಆಗಲೇ ಅರ್ಥವಾಯಿತು. ಇಲಿಗಿಂತ ಮೊದಲು ಅವಳ ಹೆಸರು ಬೀಳುತ್ತಿತ್ತು. ಸಾಯುವುದಕ್ಕೆ ಅವಳು ಸಿದ್ಧಳಾಗಿದ್ದಳು. ಮತ್ತೋಡಿನ ಮೊದಲ ಗಡ್ಡೆಯವಳು ಎನಿಸಿಕೊಂಡು ಬದುಕುವುದಕ್ಕೆ ಸಿದ್ಧಳಿರಲಿಲ್ಲ.

ಡಾಕ್ಟರು ಗಾಡಿ ಹತ್ತಿ ಕುಳಿತು ನೋಡಿದರು. ಪ್ಲೇಗಿನವರ ಕಣ್ಣು ಕೆಂಡದಂತಿರುತ್ತದೆ, ಹೆಂಡ ಕುಡಿದವರ ಹಾಗೆ ನಾಲಿಗೆ ತೊದಲುತ್ತದೆ, ಮೈ ಸುಡುತ್ತದೆ. ಇವಳಿಗೆ ಜ್ವರ ಇರಲಿಲ್ಲವೆಂದೇ ಹೇಳಬೇಕು. ಹೊಟ್ಟೆ ಉಬ್ಬಿತ್ತು. ವಾಂತಿಗೆ ಮಲದ ವಾಸನೆ ಇತ್ತು. ಗಂಟು ಬಂದ ಹೊತ್ತಿನಿಂದ ಮಲವೂ ಇಲ್ಲ, ಗಾಳಿಯೂ ಸರಿದಿಲ್ಲ ಎಂದು ಅತ್ತೆ ಹೇಳಿದರು. ಡಾಕ್ಟರು ಗಾಡಿಯಿಂದ ಇಳಿದು, ಜವಾನನಿಗೂ ಗೇಟಿನ ಹೊರಗೆ ನಿಂತಿದ್ದವರಿಗೂ ಕೇಳುವಂತೆ ಹೇಳಿದರು:

“ಇದು ಪ್ಲೇಗಲ್ಲ. ಕರುಳು ಸಿಕ್ಕಿಕೊಂಡಿದೆ. ಒಳಗೆ ತನ್ನಿ.”

ಕೊರಳಿನ ಲಿಂಗ ತೆಗೆಯಬೇಕಾಗಿಲ್ಲವೆಂದು, ಯಾರೂ ಕೇಳುವ ಮೊದಲೇ ಅವರು ಹೇಳಿದ್ದರಿಂದ ಅತ್ತೆ ಅಡ್ಡಿ ಮಾಡಲಿಲ್ಲ.

ನಾನು ತಲೆಯ ಕಡೆ ನಿಂತು ಕ್ಲೋರೋಫಾರಂ ಹನಿಸುತ್ತಿದ್ದೆ. ಉಸಿರಿನ ಮೇಲೆ ಕಣ್ಣಿಟ್ಟಿರಬೇಕಾದ್ದರಿಂದ ನಾನು ಕಂಡದ್ದು ಬಿಡಿಬಿಡಿಯಾಗಿ. ಡಾಕ್ಟರು ಗಂಟಿನ ಮೇಲೆ ಕೊಯ್ದು, ಪದರ ಪದರವಾಗಿ ಬಿಡಿಸುತ್ತ ಒಳಗೆ ಹೋದರು. ಕರುಳನ್ನು ಬಿಗಿ ಹಿಡಿದಿದ್ದ ಕಿಂಡಿಯ ಅಂಚನ್ನು ಕತ್ತರಿಸಿದರು. ಕರುಳಿನ ಸಣ್ಣದೊಂದು ಮಡಿಕೆ ಈಚೆಗೆ ಬಂತು. ಕಳಿತ ನೇರಳೆ ಹಣ್ಣಿನ ಬಣ್ಣ. ಅದರ ಮೇಲೆ ಬಿಸಿ ಉಪ್ಪುನೀರಿನ ಬಟ್ಟೆ ಹಾಕಿ ಅವರು ಸುಮ್ಮನೆ ನಿಂತರು. ಬಟ್ಟೆ ಬದಲಿಸಿದರು, ಮತ್ತೆ ನಿಂತರು. ಸತ್ತ ಕರುಳಾಗಿದ್ದರೆ ಬಣ್ಣ ಹಾಗೆಯೇ ಉಳಿಯುತ್ತದೆ. ಇದು ಒಂದು ಅಂಚಿನಿಂದ ಕೆಂಪಾಗುತ್ತ ಬಂತು. ಡಾಕ್ಟರು ಅದನ್ನು ಒಳಕ್ಕೆ ಜಾರಿಸಿ, ಕಿಂಡಿ ಮುಚ್ಚಿ ಹೊಲಿದರು.

ಆಮೇಲೆ ಅವರು ಬೆಳಿಗ್ಗೆ ಸಂಜೆ ಬಂದು ಕೇಳುತ್ತಿದ್ದುದು ಒಂದೇ ಪ್ರಶ್ನೆ, ಗಾಳಿ ಸರಿಯಿತೇ ಎಂದು. ಸೊಸೆ ನಾಚಿಕೆಯಿಂದ ಗೋಡೆಯ ಕಡೆ ತಿರುಗುತ್ತಿದ್ದಳು. ಅತ್ತೆಗೆ ಆ ಸಂಕೋಚವಿರಲಿಲ್ಲ.

“ಅದನ್ನ ಕೇಳಾಕೆ ಮಹಾರಾಜರು ನಿಮಗೆ ಸಂಬಳ ಕೊಡ್ತಾರೇನಪ್ಪ? ತಗಳಿ, ಸರೀತು. ಇಡೀ ವಾರ್ಡಿಗೇ ಗೊತ್ತೈತೆ.”

ವಾರ್ಡಿನಲ್ಲಿದ್ದವರೆಲ್ಲ ನಕ್ಕರು. ಹೊಲಿಗೆ ನೋವಾದರೂ ಸೊಸೆಯೂ ನಕ್ಕಳು. ಆ ಅತ್ತೆ ಒಳ್ಳೆಯ ಹೆಂಗಸು. ಅವರು ಸೊಸೆಯ ಮೈ ಒರೆಸಿದ್ದನ್ನು, ಗಂಜಿ ಕುಡಿಸಿದ್ದನ್ನು, ವಾಂತಿಯ ಬಟ್ಟೆ ಒಗೆದದ್ದನ್ನು ನಾನು ನೋಡಿದ್ದೇನೆ. ಮುಂದೆ ಹೇಳುವುದನ್ನು ಓದಿ ಅವರನ್ನು ಕೆಟ್ಟವರೆಂದು ಯಾರೂ ತಿಳಿಯಬಾರದು.

ನಾನು ಗಾಯ ಕಟ್ಟುವಾಗ ಶೆಟ್ಟರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಎಲ್ಲಿಂದ ಎಲ್ಲಿಗೆ ಕೊಯ್ದಿದೆ, ಹತಾರಗಳನ್ನು ಯಾಕೆ ಕುದಿಸುತ್ತೀರಿ ಎಂದೆಲ್ಲ ಕೇಳುತ್ತಿದ್ದರು. ಹೊರಡುವ ದಿನ ಡಾಕ್ಟರು ಅವರ ಬಳೆಯ ಗಂಟಿನಿಂದಲೇ ಒಂದು ಮಗುವಿನ ಬಳೆ ಈಸಿಕೊಂಡು, ಅದರೊಳಗೆ ಒದ್ದೆ ಬಟ್ಟೆಯ ತುದಿಯನ್ನು ತೂರಿಸಿ ಉಬ್ಬಿಸಿ ತೋರಿಸಿದರು. ಆ ಬಟ್ಟೆಯೇ ಕರುಳು, ಆ ಬಳೆಯೇ ಕಿಂಡಿ. ತಾವು ಮಾಡಿದ್ದು ಬಳೆ ಒಡೆದು ಬಟ್ಟೆಯನ್ನು ಬಿಡಿಸಿದ್ದು ಮಾತ್ರ ಎಂದರು. ಪ್ಲೇಗಿನ ಗಡ್ಡೆಗೂ ಇದಕ್ಕೂ ಸಂಬಂಧವೇ ಇಲ್ಲ, ಊರಿನಲ್ಲಿ ಯಾರಾದರೂ ಕೇಳಿದರೆ ಹೀಗೆಯೇ ತೋರಿಸಿ ಎಂದೂ ಹೇಳಿದರು. ಶೆಟ್ಟರಿಗೆ ಅದು ಅರ್ಥವಾಯಿತು. ಅವರು ಅದೇ ಬಳೆಯಲ್ಲಿ ತಾವೇ ಒಮ್ಮೆ ಮಾಡಿ ನೋಡಿದರು.

ರಾಗಿ ಕೊಯ್ಲಿನ ಹೊತ್ತಿಗೆ ಮತ್ತೋಡಿನಲ್ಲೂ ಇಲಿ ಬಿದ್ದ ಸುದ್ದಿ ಬಂತು. ಅದಾದ ಮೇಲೆ ಒಂದು ಮಧ್ಯಾಹ್ನ ಅದೇ ಗಾಡಿ ಗೇಟಿನ ಹೊರಗೆ ನಿಂತಿತ್ತು. ಅತ್ತೆ ಇರಲಿಲ್ಲ. ಆ ಹೆಂಗಸು ತಾನೇ ಇಳಿದು ಬಂದು ಜಗಲಿಯ ಮೇಲೆ ಕುಳಿತಳು. ಮೈ ತುಂಬಿಕೊಂಡಿತ್ತು, ನಡಿಗೆ ನೆಟ್ಟಗಿತ್ತು. ಗಾಡಿಯಲ್ಲಿ ಅವಳ ಬಟ್ಟೆಯ ಪೆಟ್ಟಿಗೆಯೂ ತವರಿನಿಂದ ತಂದಿದ್ದ ಹಿತ್ತಾಳೆ ಪಾತ್ರೆಗಳೂ ಇದ್ದವು. ತವರು ಹಿರಿಯೂರು ಕಡೆಯ ಜವನಗೊಂಡನಹಳ್ಳಿ. ಮತ್ತೋಡಿನಿಂದ ಅಲ್ಲಿಗೆ ಹೋಗಲು ದುರ್ಗಕ್ಕೆ ಬರಬೇಕಾಗಿಲ್ಲ. ಸುತ್ತಾದರೂ ಸರಿ, ದುರ್ಗದ ಮೇಲೆ ಹೋಗಾಣ ಎಂದು ಗಂಡನನ್ನು ಬೇಡಿಕೊಂಡಿದ್ದಳಂತೆ.

ಡಾಕ್ಟರು ಬಂದಾಗ ಅವಳು ಎದ್ದು ನಿಂತು ಕೇಳಿದಳು:

“ಇವರ ಎದುರಿಗೆ ಇನ್ನೊಂದು ಸಲ ಹೇಳ್ರಿ. ನಂದು ಯಾವ ಬ್ಯಾನೆ ಆಗಿತ್ತು?”

ಡಾಕ್ಟರು ಹೇಳಿದರು. ಹಿಂದಿನದಕ್ಕಿಂತ ನಿಧಾನವಾಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. ಶೆಟ್ಟರು ನೆಲ ನೋಡುತ್ತ ಕೇಳಿಸಿಕೊಂಡರು. ಆಮೇಲೆ ನಡೆದದ್ದನ್ನು ಅವರೇ ಹೇಳಿದರು.

ಅವರಿಗೆ ಒಬ್ಬನೇ ತಮ್ಮ, ಮದುವೆಯ ವಯಸ್ಸಿಗೆ ಬಂದವನು. ಹೊಲದ ಜೋಪಡಿಯಲ್ಲಿ ಅವನಿಗೆ ಜ್ವರ ಬಂತು, ತೊಡೆಸಂದಿನಲ್ಲಿ ಗಡ್ಡೆ ಎದ್ದಿತು. ಅತ್ತಿಗೆಗೆ ಎದ್ದಿದ್ದ ಕಡೆಯೇ. ಅತ್ತಿಗೆ ಎದುರಿಗೇ ಓಡಾಡಿಕೊಂಡಿದ್ದಾಳೆ, ಕೊಯ್ದಿದ್ದಕ್ಕೇ ಅಲ್ಲವೇ ಅವಳು ಬದುಕಿದ್ದು, ಇವನಿಗೂ ಕೊಯ್ಸು ಎಂದು ತಾಯಿ ಅತ್ತರು. ಆಸ್ಪತ್ರೆಗೆ ಗಾಡಿ ಕಟ್ಟಿದರೆ ಹೊಸದುರ್ಗ ದಾಟುವ ಮೊದಲೇ ಪ್ಲೇಗು ಷೆಡ್ಡಿಗೆ ಹಾಕಿಬಿಡುತ್ತಾರೆ. ಶೆಟ್ಟರು ಊರಿನ ಕ್ಷೌರಿಕನನ್ನು ಕರೆಸಿದರು. ಇಲ್ಲಿ ನೋಡಿದ್ದ ಹಾಗೆಯೇ ಕತ್ತಿಯನ್ನು ಕುದಿಯುವ ನೀರಿನಲ್ಲಿ ಹಾಕಿಸಿದರು, ಕೈ ತೊಳೆಸಿದರು, ಎಲ್ಲಿಂದ ಎಲ್ಲಿಗೆ ಎಂದು ತಮ್ಮ ಹೆಬ್ಬೆರಳಿನಿಂದಲೇ ತೋರಿಸಿದರು. ನಮ್ಮಿಂದ ಕಲಿತದ್ದರಲ್ಲಿ ಒಂದನ್ನೂ ಅವರು ಬಿಟ್ಟಿರಲಿಲ್ಲ. ರಕ್ತ ನಿಲ್ಲಲಿಲ್ಲ. ಮಾರನೆಯ ದಿನ ತಮ್ಮ ಹೋದ.

ಬಳೆಯಲ್ಲಿ ತೋರಿಸಿದ್ದು ನೆನಪಿರಲಿಲ್ಲವೇ ಎಂದು ಡಾಕ್ಟರು ಕೇಳಿದರು. ಗದರಿಸುವ ದನಿಯಲ್ಲ.

“ನೆನಪಿತ್ತು ಸ್ವಾಮಿ. ಇವನದೂ ಕರುಳೇ ಆಗಿರಲಿ ಅಂದ್ಕೊಂಡೆ.”

ಕೊಯ್ಯದಿದ್ದರೂ ಅವನು ಉಳಿಯುತ್ತಿದ್ದನೆಂದು ಹೇಳಲಾಗದು, ಪ್ಲೇಗಿನಲ್ಲಿ ಉಳಿಯುವವರೇ ಕಡಿಮೆ ಎಂದರು ಡಾಕ್ಟರು. ಶೆಟ್ಟರು ತಲೆಯಾಡಿಸಿದರು, ಒಪ್ಪಿದಂತೆಯೂ ಅಲ್ಲ, ಒಪ್ಪದಂತೆಯೂ ಅಲ್ಲ. ಹೆಂಡತಿಯನ್ನು ಯಾಕೆ ತವರಿಗೆ ಬಿಡುತ್ತಿದ್ದೀರಿ ಎಂದು ಕೇಳಿದಾಗ, ಊರವರು ಜೋಪಡಿಗಳ ಸಾಲಿನಲ್ಲಿ ಅವಳನ್ನು ಇರಗೊಡುತ್ತಿಲ್ಲ ಎಂದರು. ಮೊದಲ ಗಡ್ಡೆ ಅವಳದೇ, ಮುಚ್ಚಿಟ್ಟು ದುರ್ಗಕ್ಕೆ ಹೋಗಿ ಕೊಯ್ಸಿಕೊಂಡು ಬಂದಳು, ಊರಿಗೆ ಬೇನೆ ತಂದು ಹಾಕಿದಳು ಎನ್ನುತ್ತಿದ್ದಾರೆ. ಅತ್ತೆಯೂ ಈಗ ಅದನ್ನೇ ಹೇಳುತ್ತಾರೆ.

ಡಾಕ್ಟರಿಗೆ ಸಿಟ್ಟು ಬಂತು. “ನೀವು ಕಣ್ಣಾರೆ ಕಂಡವರು. ನೀವು ಹೇಳಬೇಕಾಗಿತ್ತಲ್ಲ?”

ಶೆಟ್ಟರು ಆಡಿದ ಮಾತನ್ನು, ಎಷ್ಟು ನೆನಪಿದೆಯೋ ಅಷ್ಟನ್ನು, ಹಾಗೆಯೇ ಬರೆಯುತ್ತಿದ್ದೇನೆ.

“ಇವಳದೂ ಗಡ್ಡೆ ಬ್ಯಾನೆ, ಕೊಯ್ದ ಮ್ಯಾಲೆ ಉಳಿದ್ಲು, ಅವನಿಗೂ ಅದನ್ನೇ ಮಾಡಿದ್ವಿ, ಶಿವ ಕಣ್ಣು ಬಿಡ್ಲಿಲ್ಲ. ಹಂಗಂತ ನಮ್ಮವ್ವ ನಂಬ್ಯಾಳೆ ಸ್ವಾಮಿ. ಇವಳದು ಗಡ್ಡೆನೇ ಅಲ್ಲ ಅಂದ್ರೆ, ಮತ್ತೆ ನನ್ನ ಮಗನ್ನ ಯಾತಕ್ಕೆ ಕೊಯ್ಸಿದೆ ಅಂತ ಕೇಳ್ತಾಳೆ. ಅದಕ್ಕೆ ನಾನು ಏನು ಹೇಳ್ಲಿ?”

ಆ ಹೆಂಗಸು ಇದನ್ನು ಮೊದಲ ಸಲ ಕೇಳುತ್ತಿದ್ದಳೆಂದು ಅವಳ ಮುಖ ನೋಡಿದಾಗ ತಿಳಿಯಿತು. ಊರಿನವರ ಮಾತಿಗೆ ಹೆದರಿ ಗಂಡ ಸುಮ್ಮನಿದ್ದಾನೆಂದು ಅವಳು ಅಲ್ಲಿಯವರೆಗೆ ತಿಳಿದಿರಬೇಕು. ಅಂಥ ಹೆದರಿಕೆಗಾದರೆ ಡಾಕ್ಟರ ಮಾತು ಮದ್ದಾಗುತ್ತಿತ್ತು. ಅದಕ್ಕೇ ಅಷ್ಟು ದೂರ ಸುತ್ತಿಕೊಂಡು ಬಂದಿದ್ದಳು.

ಡಾಕ್ಟರು ತಾವೇ ಮತ್ತೋಡಿಗೆ ಬರುವುದಾಗಿ ಹೇಳಿದರು. ಹೊಸದುರ್ಗದ ಕಡೆ ಹೇಗೂ ಹೋಗುವುದಿದೆ, ಊರ ಹಿರಿಯರನ್ನೂ ತಾಯಿಯನ್ನೂ ಕೂರಿಸಿಕೊಂಡು ಬಿಡಿಸಿ ಹೇಳುತ್ತೇನೆ ಎಂದರು. ಶೆಟ್ಟರು ಬೇಡವೆನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಬೇಡವೆಂದವಳು ಅವಳೇ.

“ಬರಬ್ಯಾಡ್ರಿ. ನೀವು ಹೇಳಿದ್ರೆ ಅತ್ತೆ ನಂಬ್ತಾರೆ. ನಂಬಿದ ಮ್ಯಾಲೆ ಉಳಿದ ಮಗನ ಕೈಲಿ ನೀರು ಕುಡಿಯಲ್ಲ ಅವರು.”

ಅವಳು ಸೆರಗು ಸರಿಮಾಡಿಕೊಂಡು ಗಾಡಿಯ ಕಡೆ ನಡೆದುಬಿಟ್ಟಳು. ಗಾಲಿಯ ಮೇಲೆ ಕಾಲಿಟ್ಟು, ಯಾರ ಕೈಯನ್ನೂ ಹಿಡಿಯದೆ ಹತ್ತಿದಳು. ಹೊಲಿಗೆ ಚೆನ್ನಾಗಿ ಕೂಡಿಕೊಂಡಿತ್ತು.

ಶೆಟ್ಟರು ಎತ್ತುಗಳನ್ನು ನೊಗಕ್ಕೆ ಕಟ್ಟಿದರು. ಹೊರಡುವ ಮುನ್ನ ಒಮ್ಮೆ ಹಿಂದಕ್ಕೆ ಬಂದು, ಆ ಕರುಳು ಮತ್ತೆ ಇಳಿಯುವುದುಂಟೇ ಎಂದು ವಿಚಾರಿಸಿದರು. ಇಳಿಯಲೂಬಹುದು, ಭಾರ ಎತ್ತಬಾರದು, ಗಂಟು ಕಂಡರೆ ಅಂದೇ ಇಲ್ಲಿಗೆ ಕರೆತರಬೇಕು ಎಂದರು ಡಾಕ್ಟರು.

“ಆಗ್ಲಿ ಸ್ವಾಮಿ,” ಎಂದರು ಶೆಟ್ಟರು. “ಕರ್ಕೊಂಡು ಬರಾಕೆ ಅವಳಪ್ಪನಿಗೆ ಹೇಳಿ ಬರ್ತೀನಿ.”

ಗಾಡಿ ಹಿರಿಯೂರಿನ ರಸ್ತೆಗೆ ತಿರುಗಿತು. ಆ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ ನನಗೆ ತಿಳಿಯದು.