ಖಾನಾಪುರದ ಬೋರಿಗೆ ಎಣ್ಣೆಬಾವಿಯ ಸಿಮೆಂಟು

ಎಂಬತ್ತರ ದಶಕದ ಶುರುವಿನಲ್ಲಿ ನಾನು ಗುಜರಾತಿನ ಎಣ್ಣೆಬಾವಿಗಳಲ್ಲಿ ಎಂಜಿನಿಯರ್ ಆಗಿದ್ದೆ. ಕಬ್ಬಿಣದ ಕೊಳವೆಗೂ ಸುತ್ತಲಿನ ಬಂಡೆಗೂ ನಡುವೆ ಸಿಮೆಂಟು ಇಳಿಸಿ, ಇಪ್ಪತ್ತು ಮೂವತ್ತು ವರ್ಷ ಗ್ಯಾಸು ಸೋರದ ಹಾಗೆ ಮಾಡುವುದು ನನ್ನ ಕೆಲಸ. ಖಾನಾಪುರದ ನನ್ನ ಮಾವನವರಿಗೆ ಇದನ್ನು ಎಷ್ಟು ಬಿಡಿಸಿ ಹೇಳಿದರೂ ಅಷ್ಟೇ. "ಅಂದ್ರ ಗೌಂಡಿ ಕೆಲಸಾ ಅನ್ರಿ," ಎಂದುಬಿಟ್ಟರು. ಮದುವೆಯಾಗಿ ಮೂರೇ ತಿಂಗಳು. ಅವರ ಬಾಯಿಂದ ಒಂದು ಸಲವಾದರೂ ಭೇಷ್ ಅನ್ನಿಸಿಕೊಳ್ಳದೆ ನನಗೆ ಸಮಾಧಾನವಿರಲಿಲ್ಲ.

ಅವರ ಹಿತ್ತಿಲಲ್ಲಿ ಆ ಬೇಸಿಗೆ ಹೊಸ ಬೋರು ಹೊಡೆಸಿದ್ದರು. ಕೊಳವೆಯ ಸುತ್ತ ಬೆರಳು ಹೋಗುವಷ್ಟು ಸಂದು. ಮಳೆ ಶುರುವಾದದ್ದೇ ಎಮ್ಮೆ ಕಟ್ಟುವ ಜಾಗದ ಹೊಲಸು ನೀರು ಆ ಸಂದಿನಲ್ಲಿ ಇಳಿದು, ಕುಡಿಯುವ ನೀರು ಕೆಂಪಾಗಿ ನಾರತೊಡಗಿತು. ಮಾವ ಗಾರೆ ಕೆಲಸದ ಗೌಂಡಿಗೆ ಹೇಳಿ ಕಳಿಸಿದರು. "ಗೌಂಡಿ ಯಾಕ್ರಿ, ನಾ ಇಲ್ಲೇನ್ರಿ?" ಎಂದೆ. ಹತ್ತಿರದ ಅನಗೋಳದಲ್ಲಿದ್ದ ನಮ್ಮ ಮನೆಯ ನೀರಿನ ತೊಟ್ಟಿ ಸೋರುತ್ತದೆಂದು, ಗುಜರಾತಿನಿಂದ ರಜೆಗೆ ಬರುವಾಗ ನಮ್ಮ ಸಾಹೇಬರನ್ನು ಕೇಳಿ ತಂದಿದ್ದ ಅರ್ಧ ಚೀಲ ಎಣ್ಣೆಬಾವಿ ಸಿಮೆಂಟನ್ನು ಮರುದಿನವೇ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ.

ಕಲಸಿ ಆ ಸಂದಿನೊಳಗೆ ಸುರಿದೆ. ಸುಡುಸುಡುವ ಆಳಕ್ಕೆ ಇಳಿಯುವ ಮೊದಲೇ ಸಿಮೆಂಟು ಕಲ್ಲಾಗಬಾರದೆಂದು ನಾವು ಅದಕ್ಕೊಂದು ಪುಡಿ ಬೆರೆಸುತ್ತಿದ್ದೆವು. ರೂಢಿ ನೋಡಿ, ಚೀಲದ ಜೊತೆಗೇ ಬಂದಿದ್ದ ಅದರ ಪೊಟ್ಟಣವನ್ನು ಇಲ್ಲೂ ಬೆರೆಸಿಬಿಟ್ಟೆ. ಖಾನಾಪುರದ ಹಿತ್ತಿಲಲ್ಲಿ ಕಾವು ಎಲ್ಲಿಂದ ಬರಬೇಕು? ಮೂರು ದಿನವಾದರೂ ನನ್ನ ಸಿಮೆಂಟು ಕಡಲೆಹಿಟ್ಟಿನ ಜುಣಕದ ಹಾಗೆ ಮೆತ್ತಗಿತ್ತು. ಮಾವ ದಿನಾ ಪೂಜೆ ಮುಗಿಸಿ ಬಂದು ಅದರೊಳಗೊಂದು ಊದಿನಕಡ್ಡಿ ಚುಚ್ಚಿ ನೋಡುವರು. ಕಡ್ಡಿ ಸಲೀಸಾಗಿ ಇಳಿಯುವುದು. ಅದನ್ನು ಅಲ್ಲೇ ಬಿಟ್ಟು ಒಳಗೆ ಹೋಗುವರು. ಮಳೆಗೆಂದು ನಾನು ಮೇಲೆ ತಗಡು ಬೇರೆ ಮುಚ್ಚಿದ್ದೆ. ಮೂರನೆಯ ದಿನ ಪಕ್ಕದ ಮನೆಯ ಅಜ್ಜಿ ತಗಡಿನ ಕೆಳಗಿನ ಮೂರು ಕಡ್ಡಿ ನೋಡಿ, ಯಾವುದೋ ದೇವರೆಂದು ಕೈಮುಗಿದು ಹೋದಳು.

ನಾಲ್ಕನೆಯ ದಿನ, ನಾನು ಸಿಮೆಂಟು ಕಲಸಿ ಬಚ್ಚಲ ಒಲೆಯ ಹತ್ತಿರ ಬಿಟ್ಟಿದ್ದ ಬಕೆಟ್ಟನ್ನು ಅತ್ತೆ ತಂದು ಮುಂದೆ ಕುಕ್ಕಿದರು. "ತಳಕ್ಕ ಉಳದಿದ್ದು ಕಬ್ಬಣದ ಹಾರಿಲೆ ಹೊಡದ್ರೂ ಏಳವಲ್ದರಿ!"

ಒಲೆಯ ಕಾವು! ಮಾವನ ಮುಂದೆ ನಿಂತು ಹೇಳಿಬಿಟ್ಟೆ: "ಪುಡಿ ಹಾಕಿದ್ದು ನನ್ನ ತಪ್ಪರಿ. ಇದಕ್ಕ ಕಾವು ಬೇಕರಿ."

ಮಾವ ಗಲ್ಲ ತುರಿಸಿಕೊಂಡರು. "ಹಂಗಾರ ಬೋರಿಗೆ ಜಳಕಾ ಮಾಡಸೂಣು ಬರ್ರಿ."

ಎರಡು ದಿನ ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ. ಹಂಡೆಗಟ್ಟಲೆ ಕುದಿಯುವ ನೀರು ಕೊಳವೆಯೊಳಗೆ ಸುರಿದೆವು. ಮಾವ ಧೋತರ ಎತ್ತಿ ಕಟ್ಟಿ ಕೊಡ ಹೊತ್ತರು, ನನ್ನ ಹೆಂಡತಿ ನಗು ತಡೆಯಲಾರದೆ ದಾರಿಯಲ್ಲೇ ನೀರು ಚೆಲ್ಲಿದಳು. ಮೂರನೆಯ ಬೆಳಿಗ್ಗೆ ಊದಿನಕಡ್ಡಿ ಲಟಕ್ಕನೆ ಮುರಿಯಿತು. ಒಳಗಿದ್ದ ಕೆಂಪು ನೀರನ್ನೆಲ್ಲ ಎತ್ತಿ ಹಾಕಿದೆವು. ಮತ್ತೊಂದು ವಾರ ಜೋರು ಮಳೆ ಹೊಡೆದರೂ ನೀರು ತಿಳಿಯಾಗಿಯೇ ಬಂತು.

ಆ ಹೊತ್ತಿಗೆ ಸರಿಯಾಗಿ, ಮೊದಲು ಹೇಳಿ ಕಳಿಸಿದ್ದ ಗೌಂಡಿ ಬಂದ. ಮಾವ ತಂಬಿಗೆಯ ನೀರು ಗಟಗಟ ಕುಡಿದು ಮೀಸೆ ಒರೆಸಿಕೊಂಡರು.

"ನಮ್ಮ ಹುಡುಗ ಮಾಡ್ಯಾನ, ನೀ ಹೋಗು. ಮಳಿಗಾಲದ ಕಟಿಗಿ ಎಲ್ಲಾ ಸುಟ್ಟಾನ ಖರೇ, ಆದ್ರ ಮಾಡ್ಯಾನ."