ಇಳಿದಷ್ಟು ಮಂದಿ

ಮೇಸ್ತ್ರಿಯ ಬಲಗೈಯಲ್ಲಿ ಮೂರೇ ಬೆರಳಿದ್ದವು. ತೂಬಿನ ಬಾಗಿಲು ಎತ್ತುವಾಗ ಹಲ್ಲಿನ ಗಾಲಿಗೆ ಸಿಕ್ಕು ಕಿರುಬೆರಳೂ ಅದರ ಪಕ್ಕದ್ದೂ ಹೋಗಿದ್ದವು. ಬೀಡಿ ಹಚ್ಚುವುದು, ಬಸಿಯಲ್ಲಿ ಚಹಾ ಕುಡಿಯುವುದು, ಮಂದಿ ಎಣಿಸುವುದು ಎಲ್ಲ ಆ ಕೈಯಲ್ಲೇ. ಹೊಸಬರು ಯಾರಾದರೂ ದಿಟ್ಟಿಸಿ ನೋಡಿದರೆ, "ಎರಡು ಸರಕಾರಕ್ಕ ಕೊಟ್ಟೀನಿ. ಉಳಿದವು ಮಂದಿ ಎಣಸಾಕ ಬೇಕು" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಗಂಗಾವತಿ ಕಡೆಯ ಒಂದು ಕಾಲುವೆ ಆಫೀಸಿನಲ್ಲಿ ನಾನು ಹೊಸದಾಗಿ ಸೇರಿದ ಕಾರಕೂನ. ಬೇಸಿಗೆಯಲ್ಲಿ ನೀರು ಬಂದ್ ಮಾಡಿದ ಮೇಲೆ ಹೂಳೆತ್ತುವುದು, ದಂಡೆ ಕಟ್ಟುವುದು ನಡೆಯುತ್ತಿತ್ತು. ಬೇವೂರು, ತಳಕಲ್ ಕಡೆಯಿಂದ ಬರುತ್ತಿದ್ದ ಕೂಲಿಯವರ ಮೇಲೆ ಈ ಮೇಸ್ತ್ರಿ. ಮೇಸ್ತ್ರಿಗೆ ಓದುಬರಹ ಬರುತ್ತಿರಲಿಲ್ಲ. ಮುಂಜಾನೆ ಅವರು ನೆನಪಿನಿಂದಲೇ ಹೆಸರು ಕೂಗುವುದು, ನಾನು ಮಸ್ಟರಿನಲ್ಲಿ ಹಾಜರಿ ಹಾಕುವುದು. ಆಮೇಲೆ ಕಾಲುವೆಗೆ ಇಳಿಯುವವರನ್ನು ಎಣಿಸುತ್ತಿದ್ದರು, ಸಂಜೆ ಏರಿ ಬರುವವರನ್ನು ಮತ್ತೆ ಎಣಿಸುತ್ತಿದ್ದರು. "ಇಳದಷ್ಟ ಮಂದಿ ಏರಬೇಕು" ಎಂದು ದಿನಾ ಒಂದೇ ಮಾತು. ಆಫೀಸಿನಲ್ಲಿ ಕೂತು ನಾವು ಅದನ್ನು ಅಣಕಿಸಿ ನಗುತ್ತಿದ್ದೆವು.

ಮೂರು ದಿನ ಬಾರದವನ ಹೆಸರು ಹೊಡೆಯಬೇಕೆಂದು ಆಫೀಸಿನ ಕಟ್ಟಪ್ಪಣೆ. ಒಮ್ಮೆ ಹೊಡೆದರೆ ಆ ಬೇಸಿಗೆ ಮತ್ತೆ ಸೇರಿಸುತ್ತಿರಲಿಲ್ಲ. ಹಾಗಾಗಿ ಒಬ್ಬ ಜ್ವರ ಬಂದು ಮಲಗಿದರೆ ಮನೆಯ ಇನ್ನೊಬ್ಬರು ಬಂದು ಅವನ ಹೆಸರಿಗೆ ಹಾಜರ್ ಎನ್ನುತ್ತಿದ್ದರು. ಮೇಸ್ತ್ರಿ ಆಗ ನನ್ನ ಕಡೆ ನೋಡದೆ ರುಮಾಲು ಸರಿಮಾಡಿಕೊಳ್ಳುತ್ತಿದ್ದರು. ನಾನು ತಲೆ ಎತ್ತದೆ ಹಾಜರಿ ಹಾಕುತ್ತಿದ್ದೆ. ಇದು ನಮ್ಮಿಬ್ಬರ ಕರಾರು, ಬಾಯಿಬಿಟ್ಟು ಆಡಿದ್ದಲ್ಲ.

ಆ ವರ್ಷ ಬೇವೂರಿನ ದ್ಯಾಮಣ್ಣ ಚಳಿಜ್ವರ ಹಿಡಿದು ಮಲಗಿದ. ಅವನ ಹೆಸರಿಗೆ ಹೆಂಡತಿ ಹುಲಿಗೆವ್ವ ಬುಟ್ಟಿ ಹಿಡಿದು ಬಂದಳು. ಐದನೆಯ ದಿನ ಮಧ್ಯಾಹ್ನ ದಂಡೆ ಕುಸಿಯಿತು. ಮಣ್ಣು ತೆಗೆಯುವ ಹೊತ್ತಿಗೆ ಮೂವರು ಸತ್ತಿದ್ದರು, ಅವರಲ್ಲಿ ಹುಲಿಗೆವ್ವ ಒಬ್ಬಳು. ಸಂಜೆ ಮೇಸ್ತ್ರಿ ಏರಿ ಬಂದವರನ್ನು ಎಣಿಸಿದರು. ಮೂರು ಕಡಿಮೆ ಎಂದು ಗೊತ್ತಿದ್ದೂ ಮತ್ತೊಮ್ಮೆ ಎಣಿಸಿದರು.

ಹೆಣಗಳನ್ನು ಊರವರು ಒಯ್ದು ಮಣ್ಣು ಮಾಡಿದರು. ಆಫೀಸಿನ ಕಾಗದಗಳನ್ನೆಲ್ಲ ಮಸ್ಟರ್ ನೋಡಿ ಬರೆದವನು ನಾನು. ಮುಂದಿನ ವರ್ಷ ಮೇಲಿನಿಂದ ಹುಕುಂ ಬಂತು. ಕೆಲಸದಲ್ಲಿ ಪ್ರಾಣ ಬಿಟ್ಟವರ ಹೆಸರು ಕೆತ್ತಿಸಿ ತೂಬಿನ ಬಳಿ ಕಲ್ಲು ನಿಲ್ಲಿಸಬೇಕು, ದೊಡ್ಡ ಸಾಹೇಬರು ಬಂದು ಪರದೆ ಸರಿಸುತ್ತಾರೆ. ಕೆತ್ತುವವನಿಗೆ ಪಟ್ಟಿ ಬರೆದುಕೊಟ್ಟವನೂ ನಾನೇ. ಮಸ್ಟರಿನಲ್ಲಿದ್ದಂತೆಯೇ ಬರೆದೆ, ಯಾಕೆಂದರೆ ಹೆದರಿದ್ದೆ. ಹುಲಿಗೆವ್ವ ಎಂದು ಬರೆದರೆ ಹಾಜರಿ ಸುಳ್ಳೆಂದು ಗೊತ್ತಾಗುತ್ತಿತ್ತು, ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ಕಾರ್ಯಕ್ರಮದ ಹಿಂದಿನ ದಿನ ಮೇಸ್ತ್ರಿ ನನ್ನನ್ನು ಕಲ್ಲಿನ ಮುಂದೆ ನಿಲ್ಲಿಸಿ ಓದಿಸಿದರು. ಮೂರನೆಯ ಹೆಸರು ದ್ಯಾಮಣ್ಣ. ಒಂದೊಂದು ಹೆಸರಿಗೆ ಒಂದೊಂದು ಬೆರಳು ಮಡಚಿದವರು ಹಾಗೇ ನಿಂತರು.

"ಲೆಕ್ಕ ಬರೋಬ್ಬರಿ ಐತಿ ತಮ್ಮಾ. ಸತ್ತಾಕಿ ಮಾತ್ರ ಇದರಾಗ ಇಲ್ಲ."

ನಾನು ಮಸ್ಟರಿನ ನೆಪ ಹೇಳಿದೆ. ಅವರು ಬೈಯಲಿಲ್ಲ, ಒಬ್ಬರೇ ಇಂಜಿನಿಯರ್ ಸಾಹೇಬರ ಬಳಿ ಹೋಗಿ ಬಂದರು. ಮಸ್ಟರಿನಲ್ಲಿ ಇದ್ದವನೇ ಸತ್ತವನು, ಕೆತ್ತಿದ್ದು ಕೆತ್ತಿ ಆಯಿತು, ಸತ್ತವರ ಮನೆಗೆ ಕೊಡುವ ಶಾಲನ್ನು ದ್ಯಾಮಣ್ಣನ ತಾಯಿ ತಗೊಳ್ಳಲಿ, ನಾಳೆ ಒಂದು ದಿನ ಅವನು ಕಾಣದಂತೆ ನೋಡಿಕೋ ಎಂದು ಸಾಹೇಬರು ಹೇಳಿ ಕಳಿಸಿದ್ದರು.

ಮರುದಿನ ಪೆಂಡಾಲು, ಹಾರ, ಮೈಕು. ಒಂದೊಂದೇ ಹೆಸರು ಕೂಗಿ ಆ ಮನೆಯವರಿಗೆ ಶಾಲು ಹೊದಿಸುತ್ತಿದ್ದರು. ಕೂಗುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು. ದಿವಂಗತ ದ್ಯಾಮಣ್ಣ ಎಂದೆ. ಕಡೆಯ ಸಾಲಿನಲ್ಲಿ ಮೇಸ್ತ್ರಿ ಎದ್ದರು, ಪಕ್ಕದಲ್ಲಿ ಕೂತಿದ್ದ ದ್ಯಾಮಣ್ಣನ ರಟ್ಟೆ ಹಿಡಿದು ಎಬ್ಬಿಸಿದರು.

"ಇಂವ ಇಲ್ಲೇ ಅದಾನ್ರಿ. ಸತ್ತಾಕಿ ಇವನ ಹೇಂತಿ, ಹುಲಿಗೆವ್ವ. ಸುಳ್ಳು ಹೆಸರು ಕೂಗಿದಾಂವ ನಾನ್ರಿ."

ದ್ಯಾಮಣ್ಣ ತಲೆ ತಗ್ಗಿಸಿ ಅಳುತ್ತಿದ್ದ. ಯಾರೋ ಮೈಕು ಬಂದ್ ಮಾಡಿದರು.

ವಿಚಾರಣೆಯಲ್ಲಿ ಮಸ್ಟರ್ ಬರೆದದ್ದು ಯಾರೆಂಬ ಪ್ರಶ್ನೆ ಬಂತು. ನಾನು ಬಾಗಿಲ ಬಳಿಯೇ ನಿಂತಿದ್ದೆ. "ಕಾರಕೂನರಿಗೆ ನನ್ನ ಮಂದಿ ಮಾರಿ ಗುರ್ತಿಲ್ರಿ. ನಾ ಕೂಗಿದ್ದು ಅವರು ಬರದಾರ" ಎಂದರು ಮೇಸ್ತ್ರಿ. ನನಗೆ ಒಬ್ಬೊಬ್ಬರ ಮುಖವೂ ಗೊತ್ತಿತ್ತು. ಹುಲಿಗೆವ್ವ ಎರಡು ಸಲ ತನ್ನ ಬುತ್ತಿಯ ರೊಟ್ಟಿ ಕೊಟ್ಟಿದ್ದಳು, ತಿಂದಿದ್ದೆ. ಆದರೂ ಬಾಯಿ ಬಿಡಲಿಲ್ಲ. ಮೇಸ್ತ್ರಿಯನ್ನು ಕೆಲಸದಿಂದ ತೆಗೆದರು, ಅದೇ ವರ್ಷ ನಾನು ಕಾಯಂ ಆದೆ. ಬದುಕಿದ್ದವನ ಹೆಸರನ್ನು ಕಲ್ಲಿನ ಮೇಲೆ ಬಿಡುವಂತಿರಲಿಲ್ಲ. ಅದನ್ನು ಉಜ್ಜಿಸಿ ತೆಗೆಸಿ ಹುಲಿಗೆವ್ವ ಎಂದು ಕೆತ್ತಿಸಿದರು.

ಐದಾರು ವರ್ಷ ಬಿಟ್ಟು, ಮೇಸ್ತ್ರಿ ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಅವರ ಊರು ತಳಕಲ್ಲಿಗೆ ಹೋದೆ. ಅಷ್ಟು ವರ್ಷ ಹೋಗದಿದ್ದದ್ದು ನಾಚಿಕೆಯಿಂದ, ಬಿಡುವಿಲ್ಲದೆ ಅಲ್ಲ. ಅಂದು ಸುಮ್ಮನೆ ನಿಂತಿದ್ದಕ್ಕೆ ತಪ್ಪಾಯಿತೆಂದೆ. ಅವರು ಆ ಮೂರು ಬೆರಳಿನಿಂದ ನನ್ನ ಕೈ ಒತ್ತಿದರು.

"ಇಬ್ರೂ ಮುಣಗಿ ಏನ್ ಮಾಡೂದಿತ್ತು? ಒಬ್ರರ ಏರಬೇಕಲ್ಲ."

ಆ ತಿಂಗಳೇ ತೀರಿಕೊಂಡರು.

ಕಾಲುವೆ ಬತ್ತಿದಾಗ ಈಗಲೂ ಆ ಕಲ್ಲಿನ ಬಳಿ ಹೋಗುತ್ತೇನೆ. ಹುಲಿಗೆವ್ವನ ಹೆಸರಿರುವ ಜಾಗ ಉಜ್ಜಿದ್ದರಿಂದ ಕೊಂಚ ತಗ್ಗಾಗಿದೆ, ಕೈಯಾಡಿಸಿದರೆ ತಿಳಿಯುತ್ತದೆ. ಮೇಸ್ತ್ರಿಯ ಎರಡು ಬೆರಳಿಗೆ ಯಾರೂ ಶಾಲು ಹೊದಿಸಲಿಲ್ಲ. ಸುಳ್ಳು ಹೆಸರು ಕೂಗಿದ್ದು ತಾನೆಂದು ಅವರು ಸಾವಿರ ಮಂದಿಯ ಮುಂದೆ ಹೇಳಿದರು. ಗೊತ್ತಿದ್ದೂ ಬರೆದವನು ನಾನು ಎಂಬುದನ್ನು ನಾನು ಈಗ ಬರೆಯುತ್ತಿದ್ದೇನೆ.