ಗಾಜು ಸುಮ್ಮನೆ ನಡೆದ ದಾರಿ

ನಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕದ ಕೊಕ್ಕೆಗೆ ಒಂದು ಇಕ್ಕಳ ತೂಗುತ್ತಿರುತ್ತದೆ. ಧಾರವಾಡದ ಸಂತೆಯಲ್ಲಿ ಕೊಂಡದ್ದು, ಸಿಯಾಟಲ್‌ಗೆ ಹೊರಟಾಗ ಸೀರೆಗಳ ಮಡಿಕೆಯಲ್ಲಿ ಸುತ್ತಿಟ್ಟು ತಂದದ್ದು. ಇಲ್ಲಿನ ಅಂಗಡಿಗಳಲ್ಲಿ ಹತ್ತಿ ತುಂಬಿದ ಬಣ್ಣಬಣ್ಣದ ಕೈಗವಸುಗಳು ಸಿಗುತ್ತವೆ, ನಿಜ. ಆದರೆ ಹಿಡಿಯಿಲ್ಲದ ನಮ್ಮ ಪಾತ್ರೆಯ ಕಂಠವನ್ನು ಕಚ್ಚಿ ಹಿಡಿದು, ಕುದಿಯುವ ಸಾರನ್ನು ತುಳುಕದಂತೆ ಇಳಿಸುವ ಜಾಣತನ ಅವಕ್ಕೆಲ್ಲಿಂದ ಬರಬೇಕು? ಬೆಂಕಿಯನ್ನು ಪಳಗಿಸಿದ ಯಾರೋ ಮೂಲಪುರುಷ, ಅಥವಾ ಹೆಚ್ಚು ಸಂಭವನೀಯವಾಗಿ ಮೂಲಸ್ತ್ರೀ, ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು 'ಇದನ್ನು ಮುಟ್ಟದೆ ಎತ್ತುವುದು ಹೇಗೆ' ಎಂದು ಯೋಚಿಸಿದ ಗಳಿಗೆಯಲ್ಲೇ ಇವತ್ತಿನ ಕ್ರೇನು, ಫೋರ್ಕ್‌ಲಿಫ್ಟುಗಳೆಲ್ಲ ಬೀಜರೂಪದಲ್ಲಿ ಹುಟ್ಟಿರಬೇಕು ಎಂದು ನನಗೆ ಅನ್ನಿಸುವುದುಂಟು.

ಕೈಗಾರಿಕೆ ಎಂಬ ನಮ್ಮ ಮಾತಿನಲ್ಲೇ ಕೈ ಇದೆ ನೋಡಿ. ಆದರೂ ಕೈಗಾರಿಕೆಯ ಚರಿತ್ರೆಯೆಲ್ಲ ಕೈಯನ್ನು ಹೊರೆಯಿಂದ ಬಿಡಿಸುವ ಚರಿತ್ರೆಯೇ. ಬಿಡಿಬಿಡಿಯಾಗಿ ಹೊರಬೇಡ, ಕಟ್ಟು ಕಟ್ಟಿ ಒಮ್ಮೆಗೇ ಸಾಗಿಸು. ಭೂಮಿ ತಾನಾಗಿ ಎಳೆಯುವಲ್ಲಿ ನೀನು ತಳ್ಳಬೇಡ. ಸೊಂಟ ಬಗ್ಗಿಸುವ ಬದಲು ವಸ್ತುವನ್ನೇ ಸೊಂಟದೆತ್ತರಕ್ಕೆ ತಂದಿಡು. ಮೆಟೀರಿಯಲ್ ಹ್ಯಾಂಡ್ಲಿಂಗ್ ಎಂಬ ಗಂಭೀರ ಹೆಸರಿನಲ್ಲಿ ಕಾಲೇಜಿನಲ್ಲಿ ನನಗೆ ಕಲಿಸಿದ ತತ್ತ್ವಗಳು ಇಂಥವು. ಪರೀಕ್ಷೆಗೆ ಓದಿ ಮರೆಯುವಂಥ ಮಾತುಗಳು ಎಂದೇ ಆಗ ತಿಳಿದಿದ್ದೆ. ಒಂದು ತತ್ತ್ವಕ್ಕೆ ಮನುಷ್ಯನೊಬ್ಬನ ಪ್ರಾಣದಷ್ಟು ತೂಕವಿರಬಲ್ಲದು ಎಂದು ತಿಳಿದದ್ದು ಬಹಳ ತಡವಾಗಿ, ಸಿಯಾಟಲ್‌ನ ದಕ್ಷಿಣಕ್ಕಿರುವ ಕೆಂಟ್ ಕಣಿವೆಯ ಗಾಜಿನ ಕಾರ್ಖಾನೆಯೊಂದರಲ್ಲಿ.

ಊರೆಲ್ಲ ಕ್ರೇನುಗಳೇ ಕಾಣುತ್ತಿದ್ದ ಕಾಲ ಅದು. ಊರ ನಡುವಿನ ಡೆನ್ನಿ ಟ್ರಯಾಂಗಲ್ ಕಡೆ ಹೋದರೆ ಹೋದ ತಿಂಗಳು ಗುಂಡಿಯಿದ್ದಲ್ಲಿ ಈ ತಿಂಗಳು ಗೋಪುರ ಎದ್ದಿರುತ್ತಿತ್ತು, ಗೋಪುರಗಳೆಲ್ಲ ಗಾಜನ್ನೇ ಉಡುತ್ತಿದ್ದವು. ಆ ಉಡುಗೆಯಲ್ಲಿ ಒಂದಿಷ್ಟನ್ನು ನಮ್ಮ ಕಾರ್ಖಾನೆ ಸಿದ್ಧಮಾಡುತ್ತಿತ್ತು. ಗಾಜಿನ ಹಲಗೆಗಳನ್ನು ಕತ್ತರಿಸಿ, ಕುಲುಮೆಯಲ್ಲಿ ಕಾಯಿಸಿ ಗಟ್ಟಿಗೊಳಿಸಿ, ಲಾರಿಗೆ ಏರಿಸುವುದು ಅಲ್ಲಿನ ಕಸುಬು. ಸಿದ್ಧವಾದ ಹಲಗೆಗಳಲ್ಲಿ ಗೀರು, ಗುಳ್ಳೆ, ಒಡಕುಗಳಿವೆಯೇ ಎಂದು ನೋಡುವುದು ನನ್ನ ಕೆಲಸ. ಗಾಜು ಹಗುರವಾದದ್ದು ಎಂಬ ಭ್ರಮೆಯನ್ನು ನಮಗೆ ಬಳೆಗಳೂ ಲೋಟಗಳೂ ಹುಟ್ಟಿಸಿವೆ. ಅದು ಅಪ್ಪಟ ಕಲ್ಲಿನ ತೂಕದ ವಸ್ತು. ಓರೆಯಾದ ಚೌಕಟ್ಟಿನ ಗಾಡಿಯಲ್ಲಿ, ಗೋಡೆಗೆ ಒರಗಿಸಿದ ಪುಸ್ತಕಗಳ ಹಾಗೆ ಒಂದಕ್ಕೊಂದು ಆತು ನಿಂತ ಹಲಗೆಗಳ ಒಂದು ಕಟ್ಟು ಸಣ್ಣ ಕಾರೊಂದಕ್ಕೆ ಸಮ.

ಆ ಗಾಡಿಗಳ ಉಸ್ತುವಾರಿ ಮಲ್ಲಿಕಾರ್ಜುನ ಅವರದು. ಬಾಗಲಕೋಟೆ ಕಡೆಯವರು, ಎತ್ತರದ ಆಳು, ನಗು ಇನ್ನೂ ಎತ್ತರ. ಹೆಂಡತಿ ಸವಿತಾ ಮೈಸೂರಿನವರು. ಸಿಯಾಟಲ್‌ನದೇ ಬಡಾವಣೆಯಾದ ಫ್ರೀಮಾಂಟ್‌ನ ದೊಡ್ಡ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಆಕೆಗೆ ಕೆಲಸ ಸಿಕ್ಕಿದ್ದರಿಂದ ಇವರೂ ಬಂದು, ತಮ್ಮ ಇಂಜಿನಿಯರಿಂಗ್ ಡಿಪ್ಲೊಮಾಕ್ಕೆ ಇಲ್ಲಿ ಒಂದು ನೆಲೆ ಕಂಡುಕೊಂಡಿದ್ದರು. ನಾನು ಅವರಿಗೆ 'ಅಕ್ಕಾರ', ಅವರು ನನಗೆ 'ಮಲ್ಲಣ್ಣ'. ಹರೆಯದಲ್ಲಿ ಊರ ಗುಡಿಯ ಮುಂದೆ ಬಲಪರೀಕ್ಷೆಗೆಂದೇ ಇಟ್ಟ ಸಂಗ್ರಾಣಿ ಕಲ್ಲನ್ನು ಎದೆಗೇರಿಸಿದ ಕಥೆಯನ್ನು ಊಟದ ವೇಳೆಯಲ್ಲಿ ಅವರು ನನಗೆ ಹೇಳದ ವಾರವಿಲ್ಲ. ಭಾರ ಕಂಡರೆ ಅವರ ತೋಳು ಮಿಡಿಯುತ್ತಿತ್ತು. ಆದರೆ ಕಾರ್ಖಾನೆಯ ನಿಯಮ ಖಚಿತವಾಗಿತ್ತು: ಗಾಜು ಬೀಳತೊಡಗಿದರೆ ಹಿಡಿಯಬಾರದು, ಬಿಟ್ಟು ಪಕ್ಕಕ್ಕೆ ಸರಿಯಬೇಕು. ಅದನ್ನು ಉಳಿದ ಕೆಲಸಗಾರರಿಗೆ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಕಲಿಸುತ್ತಿದ್ದವರೂ ಅವರೇ.

ಅವತ್ತು ಬೆಳಗ್ಗೆ ಕುಲುಮೆಯಿಂದ ಬಂದ ಹಲಗೆಗಳ ಗಾಡಿಯೊಂದನ್ನು ಮೋಟಾರಿನ ಸಣ್ಣ ಎಳೆಬಂಡಿಯ ಹಿಂದೆ ಕಟ್ಟಿ ಕಾರ್ಖಾನೆಯ ನಡುವಣ ದಾಸ್ತಾನಿನ ಕಡೆ ಒಯ್ಯುತ್ತಿದ್ದರು. ಮಲ್ಲಣ್ಣ ಪಕ್ಕದಲ್ಲಿ ನಡೆಯುತ್ತಿದ್ದರು, ನಾನು ಸ್ವಲ್ಪ ದೂರದಲ್ಲಿ ಹಲಗೆಯೊಂದಕ್ಕೆ ದೀಪ ಹಿಡಿದು ನಿಂತಿದ್ದೆ. ಗಾಡಿಯ ಗಾಲಿ ನೆಲದ ಬಿರುಕಿನಲ್ಲಿ ಸಿಕ್ಕಿ ಒಮ್ಮೆ ಕುಲುಕಿತು. ಹಲಗೆಗಳನ್ನು ಬಿಗಿದ ಪಟ್ಟಿಯ ಕೊಂಡಿ ಜಾರಿತು. ಅಷ್ಟೇ. ಓರೆಯಾಗಿ ಒರಗಿದ್ದ ಗಾಜು ನೆಟ್ಟಗಾಯಿತು. ಭಾರವಾದ ವಸ್ತುಗಳು ಬೀಳುವ ಮುನ್ನ ಯೋಚಿಸುತ್ತವೆಯೋ ಎಂಬಂತೆ ಒಂದು ಕ್ಷಣ ನಿಂತಿತು. ಆಮೇಲೆ ಯಾವ ಅವಸರವೂ ಇಲ್ಲದೆ, ಪುಟ ಮಗುಚಿದ ಹಾಗೆ, ಈಚೆಗೆ ವಾಲತೊಡಗಿತು. ಮಲ್ಲಣ್ಣ ಎರಡೂ ಅಂಗೈ ಚಾಚಿ ಅದಕ್ಕೆ ಎದೆಗೊಟ್ಟು ನಿಂತರು.

ಭಯವೆಂದರೆ ವೇಗವಾದದ್ದು ಎಂದುಕೊಂಡಿದ್ದೆ. ಅಲ್ಲ, ಅದು ತೀರ ನಿಧಾನ. ಅವರ ಹಿಮ್ಮಡಿ ನೆಲದ ಮೇಲೆ ಜಾರುತ್ತಿರುವುದನ್ನೂ, ಗಾಜಿನಲ್ಲಿ ಅವರ ಮುಖ ಅವರೆಡೆಗೇ ಬಾಗಿ ಬರುತ್ತಿರುವುದನ್ನೂ ನಾನು ಬಿಡಿಬಿಡಿಯಾಗಿ ನೋಡಿದೆ. ಎಳೆಬಂಡಿಯವನು ಇಂಗ್ಲಿಷಿನಲ್ಲಿ ಕೂಗುತ್ತಿದ್ದ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ನನ್ನ ಗಂಟಲಿನಿಂದ ಬಂದದ್ದು ನಾನು ಯೋಚಿಸಿದ ಮಾತಲ್ಲ.

"ಕೈ ಬಿಡ್ರಿ ಮಲ್ಲಣ್ಣ, ಕೈ ಬಿಡ್ರಿ."

ಅವರು ಬಿಟ್ಟರು. ಪಕ್ಕಕ್ಕೆ ಬಿದ್ದರು. ಗಾಜು ಅವರ ಕಾಲಿನಿಂದ ಒಂದು ಮಾರು ದೂರದಲ್ಲಿ ನೆಲಕ್ಕಪ್ಪಳಿಸಿದ ಸದ್ದನ್ನು ನಾನು ವರ್ಣಿಸಲಾರೆ. ಅದಾದ ಮೇಲಿನ ನಿಶ್ಶಬ್ದವನ್ನು ಮಾತ್ರ ಬಲ್ಲೆ. ಯಂತ್ರಗಳನ್ನೆಲ್ಲ ಯಾರೋ ನಿಲ್ಲಿಸಿದ್ದರು. ಗಟ್ಟಿಗೊಳಿಸಿದ ಗಾಜು ಒಡೆದರೆ ಹರಳುಪ್ಪಿನಂತೆ ಪುಡಿಯಾಗುತ್ತದೆ. ಆ ಹರಳುಗಳ ನಡುವೆ ಕೂತ ಮಲ್ಲಣ್ಣನವರ ಮೊಣಕಾಲಿನಲ್ಲಿ ಒಂದು ಸಣ್ಣ ತರಚು ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ತಮ್ಮ ಅಂಗೈಗಳನ್ನು ಮುಖದ ಮುಂದೆ ಹಿಡಿದು, ಯಾರೋ ಅಪರಿಚಿತರನ್ನು ನೋಡುವಂತೆ ನೋಡುತ್ತಿದ್ದರು.

"ನನ್ನ ಕೈ ನನ್ನ ಮಾತು ಕೇಳಲಿಲ್ರಿ ಅಕ್ಕಾರ," ಎಂದರು. "ಬೀಳಾಕತ್ತಿತ್ತು, ಹಿಡಿಯಾಕ ಹೋದ್ವು."

ಇಂಗ್ಲಿಷಿನಲ್ಲಿ ಕಲಿತು ಕಲಿಸಿದ ಪಾಠ ಆ ಕೈಗಳನ್ನು ಮುಟ್ಟಿರಲಿಲ್ಲ. ಬೀಳುವ ಮಗುವನ್ನು, ಬೀಳುವ ಕೊಡವನ್ನು ಹಿಡಿಯುತ್ತ ಬಂದ ಕೈಗಳಿಗೆ ಗಾಜೂ ಬೀಳುವ ಒಂದು ವಸ್ತುವಷ್ಟೇ. ನಮ್ಮ ನುಡಿಯಲ್ಲಿ ಕೈಬಿಡುವುದೆಂದರೆ ದ್ರೋಹದ ಹತ್ತಿರದ ಮಾತು: ನೆಂಟರು ಕೈಬಿಟ್ಟರು, ದೇವರು ಕೈಬಿಟ್ಟ ಎಂದು ಅಳುವವರು ನಾವು. ಆ ಮಾತೇ ಅವತ್ತು ಒಬ್ಬನನ್ನು ಉಳಿಸಿತಲ್ಲ ಎಂಬ ವಿಸ್ಮಯ ನನ್ನನ್ನು ಎಷ್ಟೋ ಹೊತ್ತು ಬಿಡಲಿಲ್ಲ.

ಸಂಜೆ ರೆಂಟನ್‌ನಲ್ಲಿರುವ ಅವರ ಮನೆಗೆ ಹೋದೆ. ಸವಿತಾ ಆಫೀಸಿನಿಂದ ಅರ್ಧಕ್ಕೇ ಓಡಿಬಂದವರು ಕೋಟನ್ನೂ ತೆಗೆದಿರಲಿಲ್ಲ. ಪುಟ್ಟ ಮಗಳು ತಂದೆಯ ತೊಡೆಯೇರಿ, ಗಾಜು ಯಾಕೆ ಬಿತ್ತು ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ಮಲ್ಲಣ್ಣ ಕನ್ನಡದಲ್ಲಿ ಗಾಲಿಯ ಕಥೆ, ಕೊಂಡಿಯ ಕಥೆ ಹೇಳುತ್ತಿದ್ದರು. ಸವಿತಾ ಎಲ್ಲವನ್ನೂ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಅದೆಲ್ಲ ಸರಿ. ಆದ್ರೆ ಅದನ್ನ ಅಲ್ಲಿಂದ ಅಲ್ಲಿಗೆ ಯಾಕೆ ತಗೊಂಡ್ ಹೋಗ್ತಿದ್ರಿ?"

ದಾಸ್ತಾನಿಗೆ ಎಂದೆ. ದಾಸ್ತಾನು ಅಲ್ಲಿ ಯಾಕೆ ಎಂದರು. ಮಲ್ಲಣ್ಣನ ಮುಖ ನೋಡಿದೆ. ಅವರೂ ನನ್ನ ಮುಖ ನೋಡುತ್ತಿದ್ದರು.

ಮರುದಿನದಿಂದ ಕಾರ್ಖಾನೆಯಲ್ಲಿ ತನಿಖೆ ನಡೆಯಿತು. ಗಾಲಿಗಳನ್ನು ಬದಲಿಸಲು, ಕೊಂಡಿಗಳನ್ನು ಎರಡು ಪಟ್ಟು ಮಾಡಲು, ನೆಲದ ಬಿರುಕು ತುಂಬಲು ಆಜ್ಞೆಯಾಯಿತು. ಎಲ್ಲವೂ ಯೋಗ್ಯವಾದ ಕ್ರಮಗಳೇ. ನನ್ನ ತಲೆಯಲ್ಲಿ ಮಾತ್ರ ಸವಿತಾ ಕೇಳಿದ ಪ್ರಶ್ನೆಯೇ ಕೂತಿತ್ತು. ಕಾಲೇಜಿನಲ್ಲಿ ಕಲಿತ ತತ್ತ್ವಗಳ ಸಾಲಿನಲ್ಲಿ ಎಲ್ಲಕ್ಕಿಂತ ಮೊದಲನೆಯದು ಒಂದಿತ್ತು: ಹೇಗೆ ಸಾಗಿಸಲಿ ಎಂದು ಕೇಳುವ ಮುನ್ನ ಸಾಗಿಸಬೇಕೇ ಎಂದು ಕೇಳು, ಎಲ್ಲಕ್ಕಿಂತ ಒಳ್ಳೆಯ ಸಾಗಣೆ, ಮಾಡದೇ ಉಳಿದ ಸಾಗಣೆ. ಅಷ್ಟು ಸರಳವಾದ ಮಾತನ್ನು ಮೇಷ್ಟರು ಯಾಕೆ ಬರೆಸುತ್ತಾರೋ ಎಂದು ಆಗ ನಾವು ಹುಡುಗಿಯರು ಹಿಂದಿನ ಬೆಂಚಿನಲ್ಲಿ ನಕ್ಕಿದ್ದೆವು.

ಊಟದ ಬಿಡುವಿನಲ್ಲಿ ನಾನು ಕುಲುಮೆಯ ಬಾಯಿಂದ ಹೊರಟು ಗಾಜು ನಡೆಯುವ ದಾರಿಯಲ್ಲೇ ನಡೆದೆ. ಕುಲುಮೆಯಿಂದ ಕಾರ್ಖಾನೆಯ ನಡುವಿನವರೆಗೆ ಹೋಗಿ ದಾಸ್ತಾನಿನಲ್ಲಿ ನಿಂತೆ. ಅಲ್ಲಿಂದ ಲಾರಿಗಳು ಬಂದು ನಿಲ್ಲುವ ಬಾಗಿಲಿಗೆ ಹೊರಟೆ. ಲಾರಿಗಳ ಬಾಗಿಲು ತಲುಪಿ ತಲೆಯೆತ್ತಿದಾಗ ಎದುರಿಗೇ, ಕೂಗಿದರೆ ಓ ಎನ್ನುವಷ್ಟು ಹತ್ತಿರದಲ್ಲಿ, ಕುಲುಮೆಯ ಬಾಯಿ. ಹೊರಟಲ್ಲಿಗೇ ಬಂದಿದ್ದೆ.

ನಾನು ನಂಬಲಿಲ್ಲ. ಮತ್ತೆ ನಡೆದೆ, ಮತ್ತೆ ಅಲ್ಲಿಗೇ ಬಂದೆ. ಹಳಬರೊಬ್ಬರನ್ನು ಕೇಳಿದಾಗ ಗುಟ್ಟೇನೂ ಅಲ್ಲವೆಂಬಂತೆ ಹೇಳಿದರು: ಮೊದಲು ಲಾರಿಗಳು ಬರುತ್ತಿದ್ದದ್ದು ಆಚೆ ಬದಿಯ ಬಾಗಿಲಿಗೆ; ನಡುವೆ ದಾಸ್ತಾನಿದ್ದದ್ದು ದಾರಿಯ ತಂಗುದಾಣವಾಗಿ. ರಸ್ತೆ ಅಗಲವಾದಾಗ ಆ ಬಾಗಿಲು ಮುಚ್ಚಿ ಈಚೆ ಹೊಸದು ತೆರೆದರು. ಬಾಗಿಲು ಬಂತು, ಲಾರಿ ಬಂತು. ಗಾಜಿಗೆ ಮಾತ್ರ ಯಾರೂ ಹೇಳಲಿಲ್ಲ. ಅದು ಹಳೆಯ ದಾರಿಯಲ್ಲೇ ದೂರ ಹೋಗಿ, ಒಂದೆರಡು ದಿನ ನಿಂತು, ಹೊರಟಲ್ಲಿಗೇ ಮರಳಿ ಲಾರಿ ಏರುತ್ತಿತ್ತು. ಹೋದಲ್ಲಿ ಅದಕ್ಕೆ ಒಂದು ಗುಂಜಿಯಷ್ಟು ಬೆಲೆಯೂ ಕೂಡುತ್ತಿರಲಿಲ್ಲ. ಕೂಡುತ್ತಿದ್ದದ್ದು ಗೀರು, ಹಾಗೂ ಅವತ್ತು ಬೆಳಗ್ಗೆ ಕೂಡಲಿದ್ದದ್ದು ಒಂದು ಹೆಣ. ಮಲ್ಲಣ್ಣ ಎದೆಯೊಡ್ಡಿ ನಿಂತಿದ್ದ ಆ ಗಾಜು ಅಲ್ಲಿ ಇರಬೇಕಾಗಿಯೇ ಇರಲಿಲ್ಲ.

ಕಾರ್ಖಾನೆಯ ಮುಖ್ಯಸ್ಥೆಯನ್ನು ಕರೆದೆ. ಮಾತಿನಲ್ಲಿ ಹೇಳಿದರೆ ನಂಬಲಾರರೆಂದು ನನ್ನ ಜೊತೆ ನಡೆಯಲು ಮಾತ್ರ ಕೇಳಿಕೊಂಡೆ. ಆಕೆ ಸದಾ ಅವಸರದ ಹೆಂಗಸು. ಫೋನು ನೋಡುತ್ತಲೇ ಹೊರಟರು. ದಾಸ್ತಾನು ದಾಟಿ ಬಾಗಿಲಿಗೆ ಬರುವಷ್ಟರಲ್ಲಿ ಫೋನು ಜೇಬಿಗಿಳಿದಿತ್ತು. ಇದು ಎಷ್ಟು ಕಾಲದಿಂದ ಹೀಗಿದೆ ಎಂದು ಕೇಳಿದರು. ಬಾಗಿಲು ಬದಲಾದಂದಿನಿಂದ ಎಂದೆ. ಆ ಬಾಗಿಲು ತೆರೆದ ದಿನ ತಾನೇ ರಿಬ್ಬನ್ ಕತ್ತರಿಸಿದ್ದೆ ಎಂದು ಹೇಳಿ ಆಕೆ ಗೋಡೆಗೆ ಕೈಯೂರಿದರು.

ಮಾಡಬೇಕಾದದ್ದು ಹೆಚ್ಚೇನಿರಲಿಲ್ಲ. ಕುಲುಮೆಗೂ ಬಾಗಿಲಿಗೂ ನಡುವೆ ಗಟ್ಟಿ ಚೌಕಟ್ಟುಗಳನ್ನು ನೆಲಕ್ಕೆ ಬಿಗಿದರು. ಗಾಜು ಕುಲುಮೆಯಿಂದ ನೇರ ಅಲ್ಲಿಗೆ, ಅಲ್ಲಿಂದ ಲಾರಿಗೆ. ಎತ್ತುವುದಕ್ಕೆ ಗಾಳಿ ಹೀರಿ ಗಾಜಿಗೆ ಅಂಟಿಕೊಳ್ಳುವ ಹೀರುಬಟ್ಟಲಿನ ಯಂತ್ರವೊಂದು ಸಾಕಾಯಿತು. ಕೆಲವೇ ವಾರಗಳಲ್ಲಿ ನನ್ನ ಮೇಜಿಗೆ ಬರುತ್ತಿದ್ದ ಗೀರುಬಿದ್ದ ಹಲಗೆಗಳು ಅಪರೂಪವಾದವು, ಲಾರಿಗಳು ಕಾದು ನಿಲ್ಲುವುದು ತಪ್ಪಿತು, ಸಂಜೆ ಸೊಂಟ ಹಿಡಿದುಕೊಂಡು ಮನೆಗೆ ಹೋಗುವವರು ಕಡಿಮೆಯಾದರು. ಕೆಲಸಗಾರರು ತಮ್ಮ ತಮ್ಮ ತಾಯ್ನುಡಿಯಲ್ಲಿ 'ಬಿಡು' ಎಂಬ ಮಾತನ್ನು ಒಬ್ಬರಿಗೊಬ್ಬರು ಕಲಿಸಿಕೊಂಡರು. ವಿಯೆಟ್ನಾಮಿನವರು, ಇಥಿಯೋಪಿಯಾದವರು ಮಲ್ಲಣ್ಣನಿಂದ ಕನ್ನಡದ್ದನ್ನು ಕಲಿತರು. ಈ ಲಾಭಗಳನ್ನು ಸಭೆಯಲ್ಲಿ ಹೊಗಳಿದಾಗ ನನಗೆ ಚಪ್ಪಾಳೆ ತಟ್ಟಲಾಗಲಿಲ್ಲ. ಇಷ್ಟು ಸುಲಭವಾಗಿತ್ತೇ ಎಂದಷ್ಟೇ ಅನ್ನಿಸುತ್ತಿತ್ತು.

ಸವಿತಾಗೆ ಉತ್ತರ ಹೇಳುವುದು ಬಾಕಿಯಿತ್ತು. ಒಂದು ಮಧ್ಯಾಹ್ನ ಫ್ರೀಮಾಂಟ್‌ನ ಕಾಲುವೆಯ ದಂಡೆಯಲ್ಲಿ, ಅವರ ಊಟದ ಬಿಡುವಿನಲ್ಲಿ ಭೇಟಿಯಾದೆ. ನಡೆದದ್ದನ್ನೆಲ್ಲ ಹೇಳಿ, ನೀವು ಕೇಳಿದ ಪ್ರಶ್ನೆಗೆ ಉತ್ತರವೇ ಇಲ್ಲ, ಗಾಜು ಅಲ್ಲಿಗೆ ಸುಮ್ಮನೆ ಹೋಗುತ್ತಿತ್ತು ಎಂದೆ. ಅವರು ಡಬ್ಬಿಯ ಮುಚ್ಚಳ ಮುಚ್ಚಿದರು.

"ಏನಾದ್ರೂ ಒಂದು ಕಾರಣ ಇದ್ದಿದ್ರೆ ಅದ್ರ ಮೇಲೆ ಸಿಟ್ಟಾದ್ರೂ ಮಾಡ್ಕೋಬಹುದಿತ್ತು," ಎಂದರು.

ಮೋಸಕ್ಕೆ, ಲೋಭಕ್ಕೆ, ಅಜಾಗರೂಕತೆಗೆ ಒಂದು ಮುಖವಿರುತ್ತದೆ, ಗೆಳೆಯರೇ, ಉಗುಳಬಹುದು, ಕ್ಷಮಿಸಲೂಬಹುದು. ರೂಢಿಗೆ ಮುಖವಿಲ್ಲ. ಅದು ಎಲ್ಲರ ಕಾಲುಗಳಲ್ಲಿ ಹಂಚಿಹೋಗಿರುತ್ತದೆ. ಅಂದಿನಿಂದ ನನಗೆ ಅಪಾಯವೆಂದರೆ ಹರಿತವಾದದ್ದು, ಉರಿಯುವಂಥದ್ದು ಎಂದು ಅನ್ನಿಸುವುದಿಲ್ಲ. ನಿನ್ನೆಯ ಹಾಗೆಯೇ ಇವತ್ತೂ ನಡೆಯುವಂಥದ್ದು ಎಂದು ಅನ್ನಿಸುತ್ತದೆ.

ದಾಸ್ತಾನಿನ ಚೌಕಟ್ಟುಗಳನ್ನೆಲ್ಲ ಕಿತ್ತು ಸಾಗಿಸಿದ ದಿನ ನಾನೂ ಮಲ್ಲಣ್ಣನೂ ಅಲ್ಲಿ ನಿಂತಿದ್ದೆವು. ಕಾರ್ಖಾನೆಯ ನಡುವೆ ಬರಿಯ ಸಿಮೆಂಟಿನ ನೆಲ, ಮಾಡಿನ ಕಿಟಕಿಯಿಂದ ಇಳಿದ ಬೆಳಕು. ಅಷ್ಟು ವಿಶಾಲವಾದ ಅಂಗಳ ನಮ್ಮ ನಡುವೆಯೇ ಇಷ್ಟು ದಿನ ಇತ್ತೆಂಬುದು ನಮಗೆ ಗೊತ್ತಿರಲಿಲ್ಲ.

"ಎಷ್ಟ್ ಜಾಗಾ ಐತಲ್ರಿ ಅಕ್ಕಾರ ಇಲ್ಲೆ," ಎಂದರು ಮಲ್ಲಣ್ಣ, ಬಹಳ ಮೆಲ್ಲನೆ.

ಊಟದ ಗಂಟೆಯಾಯಿತು. ಊಟದ ಕೋಣೆ ಆ ಅಂಗಳದ ಆಚೆ ಬದಿಗೆ, ನೇರ ನಡೆದರೆ ಎದುರಿಗೇ. ಮಲ್ಲಣ್ಣ ಮುಂದೆ ಹೊರಟರು. ಗೋಡೆಯ ಪಕ್ಕಕ್ಕೆ ಸರಿದು, ಚೌಕಟ್ಟುಗಳು ಇನ್ನೂ ಅಲ್ಲೇ ಇವೆಯೆಂಬಂತೆ, ಆ ಖಾಲಿ ನೆಲಕ್ಕೆ ಪೂರ್ತಿ ಸುತ್ತು ಹಾಕಿ ನಡೆದರು. ಅವರ ಹಿಂದೆ ಅದೇ ಸುತ್ತಿನಲ್ಲಿ ನನ್ನ ಕಾಲೂ ನಡೆಯುತ್ತಿದೆ ಎಂದು ನನಗೆ ತಿಳಿದದ್ದು ಊಟದ ಕೋಣೆಯ ಬಾಗಿಲು ತಲುಪಿದ ಮೇಲೆ.